ಹಾಲೆ ತೀರಿಕೊಂಡ ಮೇಲೆ: ಗಿರಣಿ ಊರಿನ ವಾದ್ಯವೃಂದವೊಂದು ಉಳಿದ ಬಗೆ

ಮೂವತ್ತು ಕಛೇರಿಗಳ ಮೊದಲ ಹಂಗಾಮು ಮುಗಿದಾಗ ವಾದ್ಯವೃಂದ ಕಟ್ಟಿದ ಚಾರ್ಲ್ಸ್ ಹಾಲೆ ಅವರಿಗೆ ಬಂದ ಲಾಭ ಮೂವತ್ತು ಪೆನ್ನಿ. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಫೋರ್ಸೈತ್ ಸಹೋದರರು ಅದನ್ನು ಮೂರು ಪೆನ್ನಿಯ ಹತ್ತು ಹೊಸ ನಾಣ್ಯಗಳಾಗಿ ಕಳುಹಿಸಿಕೊಟ್ಟರು. ಒಂದು ಕಛೇರಿಗೆ ಒಂದು ಪೆನ್ನಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 1858ರ ಜನವರಿ 30ರಂದು ಶುರುವಾದ ಆ ವಾದ್ಯವೃಂದ ‘ಹಾಲೆ’ ಎಂಬ ಹೆಸರಿನಲ್ಲಿ ಇಂದಿಗೂ ಅದೇ ಊರಿನಲ್ಲಿ ನುಡಿಸುತ್ತಿದೆ. ಅದನ್ನು ಸಾಕಿದ ಹತ್ತಿ ಗಿರಣಿಗಳ ಸದ್ದು ಅಡಗಿ ದಶಕಗಳಾಗಿವೆ.

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ದಾವಣಗೆರೆಯಲ್ಲೂ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಲ್ಲೊಂದು ಕಾಯಂ ವಾದ್ಯವೃಂದ ಕಟ್ಟಬೇಕೆಂದು ಕೆಲವು ವಾದಕರು, ಸಂಗೀತ ಶಿಕ್ಷಕರು ಮಾತನಾಡಿಕೊಳ್ಳುತ್ತಿದ್ದಾರೆ. ಆ ಮಾತುಕತೆಯಲ್ಲಿ ನಾನೂ ಇದ್ದೇನೆ. ಪ್ರತಿ ಸಲವೂ ಚರ್ಚೆ ಎರಡು ಬೇಡಿಕೆಗಳಿಗೆ ಬಂದು ನಿಲ್ಲುತ್ತದೆ: ದೊಡ್ಡ ಹೆಸರಿನ ಒಬ್ಬ ಮುಖಂಡ ಸಿಗಬೇಕು, ಒಳ್ಳೆಯ ಸಭಾಂಗಣ ಬೇಕು. ಹಾಲೆ ಪ್ರಕರಣವನ್ನು ಕೂಲಂಕಷವಾಗಿ ನೋಡಿದ ಮೇಲೆ ಈ ಎರಡೂ ಬೇಡಿಕೆಗಳ ಸರದಿ ಆಮೇಲಿನದು ಎಂದು ನನಗೆ ಮನವರಿಕೆಯಾಗಿದೆ. ಆ ವಾದ್ಯವೃಂದವನ್ನು ಉಳಿಸಿದ ಕೆಲಸಗಳಲ್ಲಿ ಮುಖ್ಯವಾದವು ಸ್ಥಾಪಕರು ತೀರಿಕೊಂಡ ಆಸುಪಾಸಿನಲ್ಲಿ, ವೇದಿಕೆಯ ಹೊರಗೆ ನಡೆದವು. ಆದ್ದರಿಂದ ಇಲ್ಲಿ ಆ ವರ್ಷಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಗಿರಣಿ ಊರಿಗೆ ಸಂಗೀತ ಬಂದದ್ದು

ಹಾಲೆ ಮ್ಯಾಂಚೆಸ್ಟರಿನವರಲ್ಲ. 1819ರಲ್ಲಿ ಜರ್ಮನಿಯ ಹಾಗೆನ್ ಎಂಬ ಊರಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಪಿಯಾನೊ ವಾದಕರಾಗಿ ನೆಲೆಸಿದ್ದರು. ಶೋಪಾನ್, ಬೆರ್ಲಿಯೋಜ್, ಲಿಸ್ಟ್ ಅವರಂತಹ ಸಂಗೀತ ರಚನಕಾರರ ಒಡನಾಟವಿತ್ತು. 1848ರ ಕ್ರಾಂತಿಯಿಂದ ಪ್ಯಾರಿಸ್ಸಿನಲ್ಲಿ ಸಂಗೀತದ ಸಂಪಾದನೆ ನಿಂತುಹೋದಾಗ ಲಂಡನ್ನಿಗೆ ಬಂದರು. ಅಲ್ಲಿಂದ ಅವರನ್ನು ಮ್ಯಾಂಚೆಸ್ಟರಿಗೆ ಕರೆಸಿಕೊಂಡವರು ಹರ್ಮನ್ ಲಿಯೋ ಎಂಬ ಬಟ್ಟೆ ವ್ಯಾಪಾರಿ. ಹತ್ತಿಯ ವಹಿವಾಟಿಗೆಂದು ಬಂದು ನೆಲೆಸಿದ್ದ ಜರ್ಮನ್ ವರ್ತಕರ ಒಂದು ದೊಡ್ಡ ಸಮುದಾಯವೇ ಆಗ ಆ ಊರಿನಲ್ಲಿತ್ತು. ಸಂಗೀತವಿಲ್ಲದ ಊರಿನಲ್ಲಿ ಬಾಳುವುದು ಅವರಿಗೆ ಬೇಸರ ತಂದಿತ್ತು.

ಊರಿನಲ್ಲಿ ಸಂಗೀತ ಇರಲಿಲ್ಲವೆಂದಲ್ಲ. ಕೊಳಲು ನುಡಿಸುವ ಇಪ್ಪತ್ತನಾಲ್ಕು ಹವ್ಯಾಸಿಗಳು ಸೇರಿ ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ್ದರೆಂದು ಹೇಳಲಾಗುವ ‘ಜಂಟಲ್‌ಮೆನ್ಸ್ ಕಾನ್ಸರ್ಟ್ಸ್’ ಎಂಬ ಸಂಘವಿತ್ತು. ಚಂದಾದಾರರಿಗೆ ಮಾತ್ರ ಅಲ್ಲಿ ಪ್ರವೇಶ. ಅವರ ವಾದ್ಯವೃಂದವನ್ನು ಮೊದಲ ಸಲ ಕೇಳಿದಾಗ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟುಹೋಗಬೇಕು ಎನ್ನಿಸಿತ್ತೆಂದು ಹಾಲೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಬಿಟ್ಟುಹೋಗಲಿಲ್ಲ, ಮರುವರ್ಷ ಅದೇ ಸಂಘದ ಹೊಣೆ ಹೊತ್ತು, ವಾದಕರನ್ನು ಬದಲಿಸುವ ಅಧಿಕಾರವನ್ನು ಕೇಳಿ ಪಡೆದು ತಿದ್ದತೊಡಗಿದರು.

ತಿರುವು ಬಂದದ್ದು 1857ರಲ್ಲಿ. ಆ ವರ್ಷದ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮ್ಯಾಂಚೆಸ್ಟರಿನಲ್ಲಿ ನಡೆದ ಬೃಹತ್ ಕಲಾಪ್ರದರ್ಶನಕ್ಕೆ ಹದಿಮೂರು ಲಕ್ಷಕ್ಕೂ ಹೆಚ್ಚು ಜನ ಬಂದರು. ದಿನವೂ ಸಂಗೀತ ನುಡಿಸಲು ಹಾಲೆ ಲಂಡನ್ನಿನಿಂದ, ಯುರೋಪಿನ ಬೇರೆ ಬೇರೆ ದೇಶಗಳಿಂದ ವಾದಕರನ್ನು ಕರೆಸಿದರು. ಗಿರಣಿ ಕೆಲಸಗಾರರೂ ಸೇರಿದಂತೆ ಉತ್ತರ ಇಂಗ್ಲೆಂಡಿನ ಸಾವಿರಾರು ಜನ ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕೆಂದು ಬರೆದ ದೊಡ್ಡ ಕೃತಿ, ಕೇಳಿದ್ದು ಅದೇ ಮೊದಲು. ಪ್ರದರ್ಶನ ಮುಗಿಯಿತು, ವಾದಕರು ಚದುರಿಹೋಗುವುದರಲ್ಲಿದ್ದರು. ಕಟ್ಟಿದ್ದನ್ನು ಕಳೆದುಕೊಳ್ಳಲು ಹಾಲೆ ಅವರಿಗೆ ಮನಸ್ಸು ಬರಲಿಲ್ಲ. ನಷ್ಟವೆಲ್ಲ ತನ್ನದೇ ಎಂದು ಒಪ್ಪಿ, ಫ್ರೀ ಟ್ರೇಡ್ ಹಾಲ್ ಎಂಬ ಸಭಾಭವನದಲ್ಲಿ ಚಳಿಗಾಲದ ಉದ್ದಕ್ಕೂ ವಾರಕ್ಕೊಂದು ಕಛೇರಿ ಏರ್ಪಡಿಸಲು ಮುಂದಾದರು. ಚಂದಾದಾರರ ಬೇಲಿ ಕಿತ್ತು, ಸಾಮಾನ್ಯರಿಗೂ ಎಟುಕುವ ದರದ ಟಿಕೆಟ್‌ಗಳನ್ನು ಇಟ್ಟರು.

ಇಲ್ಲಿ ಗಮನಿಸಬೇಕಾದದ್ದು ವಾರಕ್ಕೊಂದು ಎಂಬ ನಿಯಮ. ವರ್ಷಕ್ಕೊಂದು ಉತ್ಸವ ಮಾಡಿದ್ದರೆ ವಾದಕರು ಆ ಊರಿನಲ್ಲಿ ಮನೆ ಮಾಡಿಕೊಂಡು ಇರುತ್ತಿರಲಿಲ್ಲ. ನಿಶ್ಚಿತ ವಾರ, ನಿಶ್ಚಿತ ಸಂಭಾವನೆ ಇದ್ದುದರಿಂದಲೇ ಒಬ್ಬ ಓಬೊ ವಾದಕ, ಒಬ್ಬ ಹಾರ್ನ್ ವಾದಕ ಹೆಂಡತಿ ಮಕ್ಕಳೊಂದಿಗೆ ಮ್ಯಾಂಚೆಸ್ಟರಿನಲ್ಲಿ ಉಳಿದ. ಅಮೆರಿಕದ ಅಂತರ್ಯುದ್ಧದಿಂದ 1860ರ ದಶಕದ ಮೊದಲ ವರ್ಷಗಳಲ್ಲಿ ಹತ್ತಿ ಬರುವುದು ನಿಂತು, ಗಿರಣಿಗಳು ಮುಚ್ಚಿ, ಇಡೀ ಪ್ರಾಂತ್ಯ ಹಸಿದಿದ್ದಾಗಲೂ ಕಛೇರಿಗಳು ನಿಲ್ಲಲಿಲ್ಲ. ಬೆರ್ಲಿಯೋಜ್ ಅವರ ಫೆಂಟಾಸ್ಟಿಕ್ ಸಿಂಫನಿಯನ್ನು ಇಂಗ್ಲೆಂಡ್ ಮೊದಲು ಕೇಳಿದ್ದು 1879ರಲ್ಲಿ, ಲಂಡನ್ನಿನಲ್ಲಲ್ಲ, ಈ ಹತ್ತಿಯ ಊರಿನಲ್ಲಿ.

1893ರಿಂದ 1899: ಯಾರೂ ಹೆಚ್ಚಾಗಿ ಹೇಳದ ಆರು ವರ್ಷಗಳು

ಹಾಲೆ ಕಥೆ ಹೇಳುವವರು ಸಾಮಾನ್ಯವಾಗಿ 1858ರಿಂದ ಸೀದಾ ದೊಡ್ಡ ನಿರ್ವಾಹಕರ (ವೇದಿಕೆಯ ಮೇಲೆ ವಾದ್ಯವೃಂದವನ್ನು ಮುನ್ನಡೆಸುವವರ) ಹೆಸರುಗಳಿಗೆ ಹಾರುತ್ತಾರೆ. ನನ್ನ ಮಟ್ಟಿಗೆ ಕಥೆಯ ತಿರುಳು ಇಲ್ಲಿದೆ.

ಮೊದಲನೆಯದು ಶಾಲೆ. ಮೂವತ್ತೈದು ವರ್ಷ ವಾದ್ಯವೃಂದ ನಡೆಸಿದ ಮೇಲೂ ಒಳ್ಳೆಯ ವಾದಕರು ಬೇಕೆಂದರೆ ಹೊರಗಿನಿಂದಲೇ ಕರೆಸಬೇಕಾಗಿತ್ತು. 1893ರಲ್ಲಿ ರಾಯಲ್ ಮ್ಯಾಂಚೆಸ್ಟರ್ ಕಾಲೇಜ್ ಆಫ್ ಮ್ಯೂಸಿಕ್ ಶುರುವಾಯಿತು, ಹಾಲೆ ಅದರ ಮೊದಲ ಪ್ರಾಂಶುಪಾಲರಾದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು. ಮುಂಬೈಯಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕೂಡ ಹೊರದೇಶದ ವಾದಕರನ್ನು ನೆಚ್ಚಿಕೊಂಡೇ ಆರಂಭವಾಯಿತು, ಆಮೇಲೆ ಮಕ್ಕಳಿಗೆ ಕಲಿಸುವ ಕೆಲಸಕ್ಕೂ ಕೈಹಾಕಿತು. ಎರಡೂ ಕಡೆ ಒಂದೇ ಕಷ್ಟ, ಒಂದೇ ಮದ್ದು.

ಎರಡನೆಯದು ಸಾವಿನ ನಂತರದ್ದು. 1895ರ ಅಕ್ಟೋಬರ್ 25ರಂದು ಹಾಲೆ ಹಠಾತ್ತಾಗಿ ತೀರಿಕೊಂಡರು. ಹಂಗಾಮು ಶುರುವಾಗುವ ಹೊತ್ತು. ವಾದ್ಯವೃಂದ ಅವರ ಸ್ವಂತ ಉದ್ಯಮ. ಲಾಭ ನಷ್ಟಗಳೆರಡೂ ಅವರದೇ ಆಗಿದ್ದವು. ಕಾನೂನಿನ ಕಣ್ಣಿನಲ್ಲಿ ನೋಡಿದರೆ ಒಡೆಯ ಹೋದ ದಿನವೇ ಅದೂ ಮುಗಿಯಬೇಕಾಗಿತ್ತು. ಆಗ ಮೂವರು ಮುಂದೆ ಬಂದರು: ಹಿಟ್ಟಿನ ಗಿರಣಿಗಳ ಯಂತ್ರ ತಯಾರಿಸುತ್ತಿದ್ದ ಹೆನ್ರಿ ಸೈಮನ್, ಬಟ್ಟೆಯ ವರ್ತಕ ಗುಸ್ಟಾವ್ ಬೆಹ್ರೆನ್ಸ್, ಸಂಗೀತದ ಅಂಗಡಿಯ ಜೇಮ್ಸ್ ಫೋರ್ಸೈತ್. ಮೂರು ಹಂಗಾಮುಗಳವರೆಗೆ ನಷ್ಟವಾದರೆ ತುಂಬಿಕೊಡುತ್ತೇವೆ ಎಂದು ಅವರು ಜಾಮೀನು ನಿಂತರು.

ಈ ಜಾಮೀನಿನ ಸ್ವರೂಪವನ್ನು ನಾವು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಅವರು ವಾದ್ಯವೃಂದವನ್ನು ಕೊಂಡುಕೊಳ್ಳಲಿಲ್ಲ, ದೇಣಿಗೆಯ ಕಲ್ಲು ಹಾಕಿಸಲಿಲ್ಲ. ಟಿಕೆಟ್ ಮಾರಾಟದ ಶಿಸ್ತು ಹಾಗೆಯೇ ಉಳಿಯಿತು, ಏಕೆಂದರೆ ಜಾಮೀನಿನ ಹಣ ಬೇಕಾಗುವುದು ಖರ್ಚಿಗಿಂತ ಆದಾಯ ಕಡಿಮೆ ಬಿದ್ದಾಗ ಮಾತ್ರ. ವಾದಕರಿಗೆ ಮುಂದಿನ ಹಂಗಾಮಿನ ಭರವಸೆ ಸಿಕ್ಕಿತು. ಮೂರು ವರ್ಷದ ಸಮಯ ಸಿಕ್ಕಿದ್ದರಿಂದ ಆತುರದ ತೀರ್ಮಾನ ತಪ್ಪಿತು. ಆ ಅವಧಿಯ ಬಹುಭಾಗ ಫ್ರೆಡರಿಕ್ ಕೋವೆನ್ ನಿರ್ವಾಹಕರಾಗಿ ಬಂಡಿ ಎಳೆದರು. 1899ರಲ್ಲಿ ‘ಹಾಲೆ ಕಾನ್ಸರ್ಟ್ಸ್ ಸೊಸೈಟಿ’ ನೋಂದಣಿಯಾಗಿ, ಮೂವರ ಹೆಗಲಿನ ಭಾರ ದೊಡ್ಡ ಜಾಮೀನುದಾರರ ಬಳಗಕ್ಕೆ ಹಂಚಿಹೋಯಿತು. ಹೆನ್ರಿ ಸೈಮನ್ ಅದೇ ವರ್ಷ ತೀರಿಕೊಂಡರು. ಅಷ್ಟು ಹೊತ್ತಿಗೆ ಒಬ್ಬ ಜಾಮೀನುದಾರ ಹೋದರೂ ನಡೆಯುವಂತಹ ವ್ಯವಸ್ಥೆ ಬಂದಿತ್ತು.

ಹೆಸರಾಂತ ನಿರ್ವಾಹಕರು ಬಂದದ್ದು ಇದಾದ ಮೇಲೆ. ವಾಗ್ನರ್ ಅವರ ‘ರಿಂಗ್’ ನಾಟಕಚಕ್ರವನ್ನು 1876ರಲ್ಲಿ ಬೈರಾಯ್ಟ್‌ನಲ್ಲಿ ಮೊದಲ ಬಾರಿಗೆ ನಿರ್ವಹಿಸಿದ್ದ ಹಾನ್ಸ್ ರಿಕ್ಟರ್ 1899ರಲ್ಲಿ ಮ್ಯಾಂಚೆಸ್ಟರಿಗೆ ಬಂದರು. 1908ರ ಡಿಸೆಂಬರ್ 3ರಂದು ಇಂಗ್ಲಿಷ್ ಸಂಗೀತ ರಚನಕಾರ ಎಲ್ಗರ್ ಅವರ ಮೊದಲ ಸಿಂಫನಿ ಮೊಟ್ಟಮೊದಲು ಕೇಳಿಸಿದ್ದು ಇವರ ಕೈಕೆಳಗೆ, ಇದೇ ಊರಿನಲ್ಲಿ. ಇಂತಹ ಮನುಷ್ಯ ವಿಯೆನ್ನಾ ಬಿಟ್ಟು ಹೊಗೆಯ ಊರಿಗೆ ಬರಲು ಒಪ್ಪಿದ್ದು ಅಲ್ಲಿ ಭದ್ರವಾದ ಸಂಸ್ಥೆಯೊಂದು ಕಾದಿದ್ದರಿಂದ. ನಮ್ಮ ಸಭೆಗಳಲ್ಲಿ ಈ ಅನುಕ್ರಮ ತಿರುವುಮುರುವಾಗುತ್ತಿದೆ ಎಂಬುದು ನನ್ನ ಕಳವಳ.

ಮತ್ತೊಮ್ಮೆ ಮುಳುಗುವ ಹೊತ್ತು

ಜಾಮೀನಿನ ವ್ಯವಸ್ಥೆಯಲ್ಲಿ ಒಂದು ಕೊರತೆ ಉಳಿದಿತ್ತು. ವಾದಕರ ಒಪ್ಪಂದ ಹಂಗಾಮಿಗೆ ಸೀಮಿತ, ವರ್ಷವಿಡೀ ಅಲ್ಲ. 1930ರ ದಶಕದಲ್ಲಿ ಬಿಬಿಸಿ ತನ್ನ ಉತ್ತರ ಪ್ರಾಂತ್ಯದ ವಾದ್ಯವೃಂದ ಕಟ್ಟಿದಾಗ ಹಾಲೆಯ ಅನೇಕ ವಾದಕರು ಎರಡೂ ಕಡೆ ನುಡಿಸತೊಡಗಿದರು. 1943ರಲ್ಲಿ ಹಾಲೆ ವರ್ಷಪೂರ್ತಿ ನಡೆಯುವ ಸಂಸ್ಥೆಯಾಗಲು ನಿರ್ಧರಿಸಿತು, ಒಂದು ಕಡೆ ಮಾತ್ರ ಇರಬೇಕೆಂದು ವಾದಕರಿಗೆ ಹೇಳಿತು. ಹೀಗೆ ಹಂಚಿಹೋಗಿದ್ದವರಲ್ಲಿ ಬಹುಪಾಲು ಮಂದಿ ಬಿಬಿಸಿಯ ಖಚಿತ ಸಂಬಳವನ್ನು ಆರಿಸಿಕೊಂಡರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಯುದ್ಧದ ಕಾಲ, ಮನೆ ನಡೆಯಬೇಕಾಗಿತ್ತು.

ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಬಿಟ್ಟು ಮ್ಯಾಂಚೆಸ್ಟರಿಗೆ ಬಂದ ನಿರ್ವಾಹಕ ಜಾನ್ ಬಾರ್ಬಿರೋಲಿ ಜೂನ್ ಮೊದಲ ವಾರ ನೋಡಿದಾಗ ಉಳಿದಿದ್ದವರು ಹೆಚ್ಚುಕಡಿಮೆ ಮೂವತ್ತೈದು ಮಂದಿ. ಮೊದಲ ಕಛೇರಿಗೆ ಒಂದು ತಿಂಗಳಷ್ಟೇ ಇತ್ತು. ಯುದ್ಧಕ್ಕೆ ಹೋಗದೆ ಉಳಿದವರಲ್ಲಿ ಹುಡುಕಬೇಕು. ಶಾಲೆ ಬಿಡದ ಹುಡುಗ, ಶಾಲಾ ಶಿಕ್ಷಕಿ, ಊರೂರಿನ ಹಿತ್ತಾಳೆ ವಾದ್ಯಗಳ ಬ್ಯಾಂಡಿನವರು, ಹೀಗೆ ಯಾರು ಬಂದರೂ ಕೂರಿಸಿ ಕೇಳಿ, ಆರಿಸಿ, ಬೆಳಗಿನಿಂದ ರಾತ್ರಿಯವರೆಗೆ ತಾಲೀಮು ಮಾಡಿಸಿದರು. 1943ರ ಜುಲೈ 5ರಂದು ಬ್ರಾಡ್‌ಫರ್ಡ್‌ನಲ್ಲಿ ಹೊಸ ಹಾಲೆ ನುಡಿಸಿತು. ಆಮೇಲೆ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕಛೇರಿಗಳು.

ಸಭಾಂಗಣ? ಫ್ರೀ ಟ್ರೇಡ್ ಹಾಲ್ 1940ರ ಡಿಸೆಂಬರ್‌ನಲ್ಲಿ ಬಾಂಬಿಗೆ ಸುಟ್ಟುಹೋಗಿತ್ತು, ಮತ್ತೆ ತೆರೆದದ್ದು 1951ರಲ್ಲಿ. ನಡುವಿನ ವರ್ಷಗಳಲ್ಲಿ ವಾದ್ಯವೃಂದ ಬೆಲ್ ವ್ಯೂ ಎಂಬಲ್ಲಿ ಸರ್ಕಸ್ ನಡೆಯುವ ಭವನದಲ್ಲೂ ನುಡಿಸಿತು, ಜನ ಅಲ್ಲಿಗೇ ಬಂದರು. ಸಂಗೀತಕ್ಕೆಂದೇ ಕಟ್ಟಿದ ಬ್ರಿಜ್‌ವಾಟರ್ ಹಾಲ್ ಸಿಕ್ಕಿದ್ದು 1996ರಲ್ಲಿ, ಹುಟ್ಟಿದ 138 ವರ್ಷಗಳ ನಂತರ. ಅದಾದ ಸ್ವಲ್ಪ ಕಾಲಕ್ಕೇ ಸಾಲ ಏರಿ ಸಂಸ್ಥೆ ಮುಳುಗುವ ಸ್ಥಿತಿಗೆ ಬಂದಿತು ಎಂಬುದನ್ನೂ ಮರೆಯಬಾರದು. 2000ದಿಂದ 2024ರವರೆಗೆ ನಿರ್ವಾಹಕ ಮಾರ್ಕ್ ಎಲ್ಡರ್ ಅದನ್ನು ಮೇಲೆತ್ತಿದ ಕಥೆ ಬೇರೆಯದೇ ಅಧ್ಯಯನ ಬೇಡುತ್ತದೆ.

ದಾವಣಗೆರೆಯಲ್ಲಿ ಇದ್ದದ್ದು, ಇರುವುದು

ನಮ್ಮ ಊರಿಗೆ ವ್ಯಾಪಾರದ ಹಿನ್ನೆಲೆ ಗಿರಣಿಗಳಿಗಿಂತ ಹಳೆಯದು. ಹೈದರಾಲಿ ಈ ಊರನ್ನು ಅಪ್ಪೋಜಿರಾಯನಿಗೆ ಜಹಗೀರಾಗಿ ಕೊಟ್ಟ ಕಾಲದಿಂದ ವರ್ತಕರು ಬಂದು ನೆಲೆಸಿದ್ದಾರೆ. ಆ ವರ್ತಕರಿಗೆ ಕೊಡುವ ಕೈಯೂ ಇತ್ತು. ಚಿಗಟೇರಿ ಆಸ್ಪತ್ರೆ ದಾನಿಯ ಹೆಸರಿನಲ್ಲೇ ಇಂದಿಗೂ ಇದೆ. ಆದರೆ ನಮ್ಮಲ್ಲಿ ದಾನವೆಂದರೆ ಹೆಚ್ಚಾಗಿ ಕಟ್ಟಡ. ಕೊಠಡಿಗೆ, ಕಮಾನಿಗೆ, ಛತ್ರಕ್ಕೆ ಕೊಡುವವರು ಸಿಗುತ್ತಾರೆ. ಕ್ಲಾರಿನೆಟ್ ನುಡಿಸುವವನ ತಿಂಗಳ ಸಂಬಳಕ್ಕೆ ಕೊಡುವವರು ಸಿಗುವುದಿಲ್ಲ.

ಟಿಕೆಟ್ ಕೊಂಡು ಕಲೆ ನೋಡುವ ಜನ ಇಲ್ಲಿರಲಿಲ್ಲ ಎಂದು ಹೇಳುವಂತಿಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ಚಿಂದೋಡಿ ಲೀಲಾ ಅವರ ನಾಟಕಗಳಿಗೆ ಊರೂರಿನಲ್ಲಿ ಜನ ನೆರೆದರು. ವೃತ್ತಿ ಕಂಪನಿಗಳೆಂದರೆ ಸಂಬಳ ಕೊಟ್ಟು ನಟರನ್ನು, ಪೇಟಿ ಮಾಸ್ತರನ್ನು, ತಬಲದವರನ್ನು ವರ್ಷವಿಡೀ ಸಾಕಿದ ಸಂಸ್ಥೆಗಳು. ಹಾಲೆ ಮ್ಯಾಂಚೆಸ್ಟರಿನಲ್ಲಿ ಮಾಡಿದ್ದನ್ನೇ ಅವರು ಟೆಂಟು ಹಾಕಿ ಮಾಡಿದರು. ಸರ್ಕಾರದ ಹಂಗಿಲ್ಲದೆ, ಟಿಕೆಟ್ ಹಣದ ಮೇಲೆ. ಆ ಸಾಧನೆಯನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ. ಸಿನಿಮಾ, ಆಮೇಲೆ ದೂರದರ್ಶನ ಬಂದು ಕಂಪನಿಗಳು ಸೊರಗುವ ಹೊತ್ತಿಗೆ ಮೂರು ಹಂಗಾಮಿನ ಜಾಮೀನು ನಿಲ್ಲುವ ಬಳಗ ಕರ್ನಾಟಕದ ಯಾವ ಊರಿನಲ್ಲೂ ಏಳಲಿಲ್ಲ. ಭಾರವೆಲ್ಲ ಮನೆತನಗಳ ಮೇಲೆಯೇ ಬಿದ್ದಿತು.

ಶಾಲೆಯ ವಿಷಯದಲ್ಲಿ ನಮ್ಮ ಸೀಮೆ ಮ್ಯಾಂಚೆಸ್ಟರಿಗಿಂತ ಹಿಂದೆ ಬಿದ್ದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಅನ್ನ ಹಾಕಿ ಸಂಗೀತ ಕಲಿಸಿದರು, ಆ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ಅಲ್ಲಿ ಕಲಿತವರು ದಾವಣಗೆರೆ, ಚಿತ್ರದುರ್ಗದ ಕಡೆ ಇಂದಿಗೂ ಪಾಠ ಹೇಳುತ್ತಿದ್ದಾರೆ.

ಅರಮನೆಯ ದಾರಿಯನ್ನೂ ನಾವು ನೋಡಿದವರು. ಈ ಊರು ಸೇರಿದ್ದ ಮೈಸೂರು ಸಂಸ್ಥಾನದ ಅರಸರು ಕರ್ನಾಟಕ ಸಂಗೀತಕ್ಕೂ ಪಾಶ್ಚಾತ್ಯ ಸಂಗೀತಕ್ಕೂ ವಾದ್ಯವೃಂದಗಳನ್ನು ಇಟ್ಟಿದ್ದರು. 1950ರ ಮೇ 22ರಂದು ಲಂಡನ್ನಿನಲ್ಲಿ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ಅವರ ‘ನಾಲ್ಕು ಕೊನೆಯ ಹಾಡುಗಳು’ ಮೊದಲು ಕೇಳಿಸಿದ್ದು ಜಯಚಾಮರಾಜ ಒಡೆಯರ್ ಅವರ ಧನಸಹಾಯದಿಂದ. ಅರಸೊತ್ತಿಗೆಯ ಕಾಲ ಮುಗಿದ ಮೇಲೆ ಮೈಸೂರಿನ ಅರಮನೆ ಬ್ಯಾಂಡ್ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿಯಿತು. ಅಲ್ಲಿ ವಾದಕರಿಗೆ ಸಂಬಳವಿತ್ತು.

ಇನ್ನು ಈಗಿನ ವಾದಕರು. ಮದುವೆ, ಮೆರವಣಿಗೆಗಳ ಬ್ಯಾಂಡ್ ಸೆಟ್‌ಗಳಲ್ಲಿ ಕ್ಲಾರಿನೆಟ್, ಟ್ರಂಪೆಟ್, ಸ್ಯಾಕ್ಸೊಫೋನ್ ನುಡಿಸುವವರಿದ್ದಾರೆ. ರಸಮಂಜರಿ ತಂಡಗಳಲ್ಲಿ ಕೀಬೋರ್ಡ್, ರಿದಂ ಪ್ಯಾಡಿನವರಿದ್ದಾರೆ. ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಂ, ತಬಲ. ಜಾತ್ರೆಗಳಲ್ಲಿ ಶಹನಾಯಿ, ಸಮಾಳ. ಮನೆಪಾಠ ಹೇಳುವ ಪಿಟೀಲು ಶಿಕ್ಷಕರಿದ್ದಾರೆ. ಇವರ ಸಂಪಾದನೆ ಪಂಚಾಂಗದ ಜೊತೆ ಏರಿಳಿಯುತ್ತದೆ. ಮದುವೆ ಕಾಲದಲ್ಲಿ ಬಿಡುವಿಲ್ಲ, ಗಣೇಶನ ಹಬ್ಬದಲ್ಲಿ ನಿದ್ದೆಯಿಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಕೆಲಸವಿಲ್ಲ. ಆ ತಿಂಗಳುಗಳಲ್ಲಿ ಎಷ್ಟೋ ಜನ ಪೇಂಟಿಂಗ್ ಕೆಲಸಕ್ಕೆ, ಆಟೋ ಓಡಿಸಲು ಹೋಗುತ್ತಾರೆ.

ಹಾಗಾದರೆ ನಮ್ಮ ವಾದ್ಯವೃಂದದ ಹಂಗಾಮು ಅಲ್ಲೇ ಇದೆ. ಇದು ಈ ಅಧ್ಯಯನದಿಂದ ನನಗೆ ಸಿಕ್ಕಿದ ಅತ್ಯಂತ ಉಪಯುಕ್ತ ಸಂಗತಿ. ಆಷಾಢದಲ್ಲೂ ಧನುರ್ಮಾಸದಲ್ಲೂ ವಾರಕ್ಕೊಂದು ಕಛೇರಿ, ಉಳಿದ ತಿಂಗಳುಗಳಲ್ಲಿ ವಾರಕ್ಕೊಂದು ತಾಲೀಮು. ಯಾರ ಮದುವೆ ಸುಪಾರಿಯೂ ತಪ್ಪುವುದಿಲ್ಲ, ಕೈ ಖಾಲಿಯಾಗುವ ತಿಂಗಳುಗಳಿಗೆ ಹಣ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ವಾದಕರು, ತಲಾ ತಿಂಗಳಿಗೆ ಎಂಟು ಸಾವಿರ ರೂಪಾಯಿ ಎಂದುಕೊಂಡರೆ ತಿಂಗಳಿಗೆ 1.6 ಲಕ್ಷ, ವರ್ಷಕ್ಕೆ 19.2 ಲಕ್ಷ. ಇನ್ನೂರು ಜಾಮೀನುದಾರರು ಸಿಕ್ಕರೆ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 9,600 ರೂಪಾಯಿ, ಅದೂ ಟಿಕೆಟಿನಿಂದ ಒಂದು ರೂಪಾಯಿಯೂ ಬರದಿದ್ದರೆ. ಬಾಡಿಗೆ, ಧ್ವನಿವರ್ಧಕ, ಪ್ರಚಾರಕ್ಕೆ ಇನ್ನಷ್ಟು ಸೇರಿಸಬೇಕು. ಆದರೂ ಒಂದು ಸಭಾಂಗಣ ಕಟ್ಟುವ ಹಣದ ಮುಂದೆ ಇದು ಸಣ್ಣ ಮೊತ್ತ. ಇದ್ದ ಭವನಗಳಲ್ಲೇ ನುಡಿಸಬಹುದು. ಕಲ್ಯಾಣ ಮಂಟಪಗಳೂ ಆ ತಿಂಗಳುಗಳಲ್ಲಿ ಖಾಲಿ ಇರುತ್ತವೆ.

ನಿಜವಾದ ಕಷ್ಟವಿರುವುದು ಬೇರೆ ಕಡೆ. ಮ್ಯಾಂಚೆಸ್ಟರಿನ ಸುತ್ತಲಿನ ಊರುಗಳಲ್ಲಿ ಬ್ಯಾಂಡುಗಳೂ ಚರ್ಚಿನ ಗಾಯನವೃಂದಗಳೂ ಬಹಳ ಹಿಂದಿನಿಂದ ಇದ್ದವು. ಬರೆದದ್ದನ್ನು ಓದಿ ನುಡಿಸುವ ಅಭ್ಯಾಸ ಕೆಲಸಗಾರರಲ್ಲೂ ಇತ್ತು. 1943ರಲ್ಲಿ ಬ್ಯಾಂಡಿನವರನ್ನು ತಂದು ಕೂರಿಸಲು ಸಾಧ್ಯವಾದದ್ದು ಅದರಿಂದಲೇ. ನಮ್ಮ ಬ್ಯಾಂಡಿನವರು ಕಿವಿಯಿಂದ ಕಲಿತವರು. ಒಂದು ಹಾಡನ್ನು ಒಮ್ಮೆ ಕೇಳಿ ಎತ್ತಿಕೊಳ್ಳುವ ಅವರ ಶಕ್ತಿ ದೊಡ್ಡದು, ಆದರೆ ಇಪ್ಪತ್ತು ಮಂದಿ ಇಪ್ಪತ್ತು ಬೇರೆ ಸಾಲುಗಳನ್ನು ನುಡಿಸುವಾಗ ಕಿವಿಯೊಂದೇ ಸಾಲದು. ಜೊತೆಗೆ ಶ್ರುತಿಯ ತೊಡಕು: ಬ್ಯಾಂಡಿನ ಕ್ಲಾರಿನೆಟ್, ಟ್ರಂಪೆಟ್‌ಗಳು ಸಾಮಾನ್ಯವಾಗಿ ಬಿ ಫ್ಲಾಟ್ ವಾದ್ಯಗಳು. ಹಾರ್ಮೋನಿಯಂ ಜೊತೆ ಕೂಡಬೇಕಾದರೆ ಅವುಗಳ ಸಾಲನ್ನು ಒಂದು ಪೂರ್ಣಸ್ವರ ಮೇಲಕ್ಕೆ ಬರೆದುಕೊಡಬೇಕು. ಇಂತಹ ಬರವಣಿಗೆ ಬಲ್ಲ ಒಬ್ಬರು, ಸ್ವರಲಿಪಿ ಓದಲು ಕಲಿಸುವ ಒಬ್ಬರು ನಮಗೆ ಮೊದಲ ದಿನದಿಂದಲೇ ಬೇಕು, ಅವರಿಗೂ ಸಂಬಳ ಬೇಕು. ಮೇಲಿನ ಲೆಕ್ಕದಲ್ಲಿ ನಾನು ಅವರನ್ನು ಸೇರಿಸಿಲ್ಲ. ಸೇರಿಸಿದರೆ ಮೊತ್ತ ಏರುತ್ತದೆ, ಏರಲಿ.

ಏನು ನುಡಿಸಬೇಕು ಎಂಬ ಪ್ರಶ್ನೆಗೆ ಕಂಪನಿ ನಾಟಕಗಳ ರಂಗಗೀತೆಗಳಿಂದ ಶುರು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಊರಿನ ಹಿರಿಯರಿಗೆ ಅವು ಬಾಯಿಗೆ ಬರುತ್ತವೆ, ಪೇಟಿ, ಕ್ಲಾರಿನೆಟ್‌ಗಳಿಗೆ ಹೊಂದುತ್ತವೆ. ವಚನಗಳು, ಆಮೇಲೆ ಹೊಸ ರಚನೆಗಳು ಬರಲಿ. ಬೇತೋವನ್ ಬೇಡವೆಂದಲ್ಲ, ಓದಿ ನುಡಿಸುವುದು ಬಂದ ದಿನ ಅವರೂ ಬರಲಿ.

ಉಳಿದದ್ದು ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಸಂಘ ಕಟ್ಟಲು ಕರಡು ನಿಯಮಾವಳಿ ಬರೆಯುವ ಕೆಲಸ ನಡೆಯಬೇಕು. ಅದರಲ್ಲಿ ಮೂರು ಕಲಮುಗಳಿಗಾಗಿ ನಾನು ಪಟ್ಟು ಹಿಡಿಯುತ್ತೇನೆ. ಜಾಮೀನು ಕನಿಷ್ಠ ಮೂರು ಹಂಗಾಮುಗಳಿಗೆ ಇರಬೇಕು. ಸಂಗೀತ ನಿರ್ವಾಹಕರ ಕೈಯಲ್ಲಿ ಲೆಕ್ಕಪತ್ರ ಇರಬಾರದು. ನಿರ್ವಾಹಕರು ಬದಲಾದರೂ, ತೀರಿಕೊಂಡರೂ, ವಾದಕರ ಒಪ್ಪಂದ ಆ ಹಂಗಾಮಿನ ಕೊನೆಯವರೆಗೆ ಊರ್ಜಿತವಾಗಿರಬೇಕು. ಮುಖಂಡರು ಯಾರಾಗಬೇಕು ಎಂಬ ಚರ್ಚೆಯನ್ನು ಈ ಮೂರಕ್ಕೂ ಸಹಿ ಬಿದ್ದ ಮೇಲೆ ಎತ್ತಿಕೊಳ್ಳೋಣ.